ಆಟವೂ ದುಡಿಮೆಯೇ

2023ರ ಸೆಪ್ಟೆಂಬರ್ ತಿಂಗಳಲ್ಲಿ ಭಾರತದ ಮೊದಲ ನಂಬರಿನ ಟೆನ್ನಿಸ್ ಆಟಗಾರ ಸುಮಿತ್ ನಾಗಲ್ ತನ್ನ ಬ್ಯಾಂಕಿನ ಲೆಕ್ಕವನ್ನು ಲೋಕದ ಮುಂದೆ ಬಿಚ್ಚಿಟ್ಟ. ವರ್ಷದ ಆರಂಭದಲ್ಲಿ ಖಾತೆಯಲ್ಲಿದ್ದದ್ದು 900 ಯೂರೋ. ದೇಶದೇಶ ಸುತ್ತಿ 24 ಪಂದ್ಯಾವಳಿಗಳಲ್ಲಿ ಆಡಿ, ಸುಮಾರು 65 ಲಕ್ಷ ರೂಪಾಯಿ ಗಳಿಸಿದ ಮೇಲೂ ಉಳಿದದ್ದು ಅದೇ 900 ಯೂರೋ. ನಮ್ಮ ಹಣದಲ್ಲಿ ಹೆಚ್ಚು ಕಡಿಮೆ 80 ಸಾವಿರ. ಆಗ ಅವನು ಜಗತ್ತಿನ ಆಟಗಾರರಲ್ಲಿ 159ನೆಯವನು, ವಯಸ್ಸು 26.

65 ಲಕ್ಷವೆಂದ ಕೂಡಲೇ ನಮ್ಮ ಓದುಗರಲ್ಲಿ ಕೆಲವರು ಪತ್ರಿಕೆಯನ್ನು ಮಡಚಿಡಬಹುದು. ಪಾಳಿಯ ಮೇಲೆ ಪಾಳಿ ದುಡಿದರೂ ಅಂಥ ಮೊತ್ತವನ್ನು ಕಾಣದವನಿಗೆ ಇವನ ಗೋಳು ಯಾತಕ್ಕೆ? ಪ್ರಶ್ನೆ ನ್ಯಾಯವಾದದ್ದೇ. ಅದಕ್ಕಾಗಿಯೇ ಲೆಕ್ಕದ ಎರಡೂ ಮಗ್ಗುಲನ್ನು ನೋಡಬೇಕು.

ಗಿರಣಿಗೆ ಹೋಗುವ ಕಾರ್ಮಿಕ ಮಗ್ಗವನ್ನು ಮನೆಯಿಂದ ಹೊತ್ತುಕೊಂಡು ಹೋಗುವುದಿಲ್ಲ. ನೂಲನ್ನು ತಾನೇ ಕೊಳ್ಳುವುದಿಲ್ಲ. ಟೆನ್ನಿಸ್ ಆಟಗಾರನ ಸ್ಥಿತಿ ಬೇರೆ. ವಿಮಾನದ ಟಿಕೀಟು, ಹೋಟೆಲಿನ ಬಾಡಿಗೆ, ರ‍್ಯಾಕೆಟ್ಟಿನ ತಂತಿ, ತರಬೇತಿಗಾರನ ಸಂಬಳ, ಅವನ ಊಟ, ಅವನ ಪ್ರಯಾಣ, ಎಲ್ಲವೂ ಆಟಗಾರನ ಕಿಸೆಯಿಂದಲೇ. ನಾಗಲ್ ಹೇಳಿದ ಪ್ರಕಾರ ಒಬ್ಬನೇ ಒಬ್ಬ ತರಬೇತಿಗಾರನನ್ನು ಇಟ್ಟುಕೊಂಡರೂ ವರ್ಷದ ಖರ್ಚು 80 ಲಕ್ಷದಿಂದ ಒಂದು ಕೋಟಿ. ಬಹುಮಾನದ ಹಣ, ತೈಲ ನಿಗಮದ ನೌಕರಿಯ ಸಂಬಳ, ಒಂದು ಪ್ರತಿಷ್ಠಾನದ ನೆರವು, ಮೂರನ್ನೂ ಆಟದೊಳಗೇ ಸುರಿಯಬೇಕಾಯಿತು. ಕೂಲಿಯಾದರೋ ಪೀಸಿನ ಲೆಕ್ಕ. ಗೆದ್ದಷ್ಟು ಸುತ್ತಿಗೆ ಅಷ್ಟು ಹಣ. ಮೈ ನೊಂದು ಮಲಗಿದರೆ ಕಾಸಿಲ್ಲ. ನಮ್ಮ ಚಿಲ್ಲರೆ ವ್ಯಾಪಾರಿಗಳು ಇದನ್ನು ಬೇಗ ಅರಿತಾರು: ಗಾಡಿ ಬಾಡಿಗೆ ತಾನೇ ಕೊಟ್ಟು ಸಂತೆಗೆ ಸರಕು ಸಾಗಿಸಿ, ಮಾರಿದರೆ ಉಂಟು, ಮಾರದಿದ್ದರೆ ಬಾಡಿಗೆಯೂ ಮೈಮೇಲೆ. ಈ ಆಟಗಾರ ಗಿರಣಿ ಕಾರ್ಮಿಕನೂ ಹೌದು, ಸಂತೆಯ ವ್ಯಾಪಾರಿಯೂ ಹೌದು. ಇಬ್ಬರ ಕಷ್ಟವೂ ಅವನಿಗುಂಟು.

ಇವನು ಶ್ರೀಮಂತರ ಮನೆಯ ಕೂಸಲ್ಲ. ಹರಿಯಾಣದ ಝಜ್ಜರ್ ಜಿಲ್ಲೆಯ ಜೈತ್‌ಪುರ ಹುಟ್ಟೂರು. ತಂದೆ ಶಾಲಾ ಮಾಸ್ತರರು. ಮಗನ ಆಟಕ್ಕಾಗಿ ಕುಟುಂಬ ದಿಲ್ಲಿಗೆ ಬಂದು ನೆಲೆಸಿತು. ಮಾಸ್ತರರ ಸಂಬಳ ಟೆನ್ನಿಸಿನ ದಾರಿಯಲ್ಲಿ ಎಷ್ಟು ದೂರ ನಡೆದೀತು? ಹತ್ತು ವರ್ಷದ ಹುಡುಗನಾಗಿದ್ದಾಗ ಮಹೇಶ್ ಭೂಪತಿಯವರ ಕಣ್ಣಿಗೆ ಬಿದ್ದ. 2018ರೊಳಗೆ ಭಾರತದಿಂದ ಒಬ್ಬ ದೊಡ್ಡ ಚಾಂಪಿಯನ್ನನನ್ನು ತಯಾರು ಮಾಡುವೆವೆಂದು ಟಯರ್ ಕಂಪನಿಯೊಂದರ ಹಣದಿಂದ ಹೊರಟಿದ್ದ ಯೋಜನೆ ಅದು. ಗೊತ್ತುಮಾಡಿದ ವರ್ಷ ಬರುವುದಕ್ಕೆ ಬಹಳ ಮೊದಲೇ ಯೋಜನೆ ನಿಂತುಹೋಯಿತು. ಆದರೂ ಭೂಪತಿ ಹುಡುಗನ ಕೈಬಿಡಲಿಲ್ಲ. ಕೆನಡಾ, ಜರ್ಮನಿ ಎಂದು ಪರದೇಶಗಳಲ್ಲೇ ಅವನ ಬಾಲ್ಯ ಕಳೆಯಿತು. ಭೂಪತಿಯವರ ಔದಾರ್ಯವನ್ನು ಹೊಗಳೋಣ. ಆದರೆ 140 ಕೋಟಿ ಜನರ ದೇಶದಲ್ಲಿ ಮಾಸ್ತರರ ಮಗನೊಬ್ಬನ ಆಟ ಯಾರೋ ಒಬ್ಬರ ಔದಾರ್ಯಕ್ಕೆ ಜೋತುಬಿದ್ದಿದ್ದುದು ಹೆಮ್ಮೆಯ ಮಾತಲ್ಲ.

2015ರಲ್ಲಿ ವಿಯೆಟ್ನಾಮಿನ ಲೀ ಹೋಂಗ್ ನಾಮ್ ಜೊತೆ ವಿಂಬಲ್ಡನ್ನಿನ ಬಾಲಕರ ಡಬಲ್ಸ್ ಗೆದ್ದ. ಬಾಲಕರಲ್ಲಿ ಗೆದ್ದವನಿಗೆ ಚಪ್ಪಾಳೆ ಉಂಟು. ಅನ್ನ ದೊರೆಯುವುದು ದೊಡ್ಡವರ ಕಣದಲ್ಲಿ. ಆ ಕಣದ ಕೆಳಗಿನ ಮೆಟ್ಟಿಲು ಯಾವುದು? 15,000 ಡಾಲರಿನ ಪಂದ್ಯಾವಳಿಗಳು. ಅದು ಒಬ್ಬನ ಬಹುಮಾನವಲ್ಲ, ಇಡೀ ಪಂದ್ಯಾವಳಿಯ ಥೈಲಿ. ಮೊದಲ ಸುತ್ತಿನಲ್ಲಿ ಸೋತವನ ಪಾಲಿಗೆ ಬಹುಕಾಲ ಬರುತ್ತಿದ್ದುದು 156 ಡಾಲರು. ಅದರ ಮೇಲಿನದು ಚಾಲೆಂಜರ್ ಮೆಟ್ಟಿಲು. ನಾಗಲನ ಮೊದಲ ಚಾಲೆಂಜರ್ ಗೆಲುವು ನಮ್ಮ ಬೆಂಗಳೂರಿನಲ್ಲಿಯೇ, 2017ರ ನವೆಂಬರಿನಲ್ಲಿ, ಬ್ರಿಟನ್ನಿನ ಜೇ ಕ್ಲಾರ್ಕ್ ಎದುರು. 2019ರಲ್ಲಿ ಅಮೆರಿಕನ್ ಓಪನ್ನಿನಲ್ಲಿ ಅರ್ಹತೆ ಪಡೆದು, ರೋಜರ್ ಫೆಡರರನಿಂದ ಮೊದಲ ಸೆಟ್ಟನ್ನೇ ಕಸಿದುಕೊಂಡ. ಪಂದ್ಯ ಸೋತರೂ ದೇಶ ಅವನ ಹೆಸರು ಕಲಿತದ್ದು ಆ ರಾತ್ರಿ.

2021ರ ಕೊನೆಗೆ ಸೊಂಟದ ಶಸ್ತ್ರಚಿಕಿತ್ಸೆಯಾಯಿತು. ಟೆನ್ನಿಸಿನಲ್ಲಿ ಅಂಕಗಳಿಗೆ 52 ವಾರದ ಆಯುಷ್ಯ. ಹಾಸಿಗೆ ಹಿಡಿದವನ ಅಂಕಗಳು ಒಂದೊಂದಾಗಿ ಕರಗುತ್ತವೆ. ಅಂಕ ಹೋದರೆ ದೊಡ್ಡ ಪಂದ್ಯಾವಳಿಯ ಬಾಗಿಲೂ ಮುಚ್ಚುತ್ತದೆ. ಅವನ ಸ್ಥಾನ 500ರ ಆಚೆಗೆ ಜಾರಿತು. ಕೆಲಸದಲ್ಲಿ ಕೈ ಮುರಿದುಕೊಂಡವನನ್ನು ಗೇಟಿನ ಹೊರಗೆ ನಿಲ್ಲಿಸುವುದೆಂದರೆ ಇದೇ ಅಲ್ಲವೇ? ಅಲ್ಲಿಂದ ಮತ್ತೆ ಏರಿ ಬಂದವನ ಖಾತೆಯಲ್ಲಿ ಇದ್ದದ್ದು ಆ 900 ಯೂರೋ.

ಮಾತು ಬಹಿರಂಗವಾದ ಮೇಲೆ ನೆರವು ಬಂತು. ದಿಲ್ಲಿಯ ಟೆನ್ನಿಸ್ ಸಂಸ್ಥೆ ಕೈಹಿಡಿಯಿತು. 2024ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ನಿನಲ್ಲಿ 31ನೇ ಶ್ರೇಯಾಂಕದ ಅಲೆಕ್ಸಾಂಡರ್ ಬುಬ್ಲಿಕ್‌ನನ್ನು ನೇರ ಸೆಟ್ಟುಗಳಲ್ಲಿ ಸೋಲಿಸಿದ. 1989ರಲ್ಲಿ ರಮೇಶ್ ಕೃಷ್ಣನ್ ಮಾಟ್ಸ್ ವಿಲಾಂಡರನನ್ನು ಸೋಲಿಸಿದ ಮೇಲೆ ಭಾರತೀಯನೊಬ್ಬನಿಗೆ ಸಿಂಗಲ್ಸಿನಲ್ಲಿ ಇಂಥ ಗೆಲುವು ಸಿಕ್ಕಿದ್ದು ಅದೇ ಮೊದಲು. ಆ ಒಂದು ಪಂದ್ಯಾವಳಿ 1,80,000 ಆಸ್ಟ್ರೇಲಿಯನ್ ಡಾಲರು ತಂದಿತು. ಹಿಂದಿನ ವರ್ಷದ 24 ಪಂದ್ಯಾವಳಿಗಳಿಗಿಂತ ಅದೇ ಹೆಚ್ಚು! ಫೆಬ್ರವರಿಯಲ್ಲಿ ಚೆನ್ನೈಯಲ್ಲಿ ಗೆದ್ದು ನೂರರ ಒಳಗೆ ಬಂದ; ಜುಲೈಯಲ್ಲಿ 68ನೇ ಸ್ಥಾನ ಮುಟ್ಟಿದ. 2025ರಲ್ಲಿ ಮತ್ತೆ ನೂರರ ಹೊರಗೆ. ಕೂಲಿಯ ಈ ಏರಿಳಿತವೇ ಈ ಉದ್ಯೋಗದ ಸ್ವಭಾವ.

ಈಗ ಮುಖ್ಯ ವಿಷಯಕ್ಕೆ ಬರೋಣ. 2024ರ ಸೆಪ್ಟೆಂಬರಿನಲ್ಲಿ ಡೇವಿಸ್ ಕಪ್ ಪಂದ್ಯಕ್ಕೆ ಬೆನ್ನುನೋವೆಂದು ನಾಗಲ್ ಹೋಗಲಿಲ್ಲ. ದೇಶಕ್ಕಾಗಿ ಆಡಲು ಅವನು ವರ್ಷಕ್ಕೆ 50,000 ಡಾಲರು ಕೇಳಿದನೆಂದು ಅಖಿಲ ಭಾರತ ಟೆನ್ನಿಸ್ ಸಂಸ್ಥೆ ಆಪಾದಿಸಿತು. ವೃತ್ತಿಯ ಆಟದಲ್ಲಿ ಆಟಗಾರನಿಗೆ ಪ್ರತಿಫಲ ಕೊಡುವುದು ವಾಡಿಕೆಯೇ ಎಂದು ಅವನು ಉತ್ತರ ಕೊಟ್ಟ. ಕೂಡಲೇ ದೇಶಭಕ್ತಿಯ ಪಾಠ ಶುರುವಾಯಿತು. ಮೊತ್ತ ಹೆಚ್ಚೋ ಕಡಿಮೆಯೋ, ಕುಳಿತು ಮಾತಾಡಬಹುದು. ಸಂಸ್ಥೆಯ ಬೊಕ್ಕಸವೂ ಅಕ್ಷಯಪಾತ್ರೆಯಲ್ಲ. ಆದರೆ ಕೂಲಿ ಕೇಳಿದವನು ದೇಶದ್ರೋಹಿ ಎಂಬ ವಾದವನ್ನು ಮಾತ್ರ ನಾವು ಒಪ್ಪಲಾರೆವು. ಬೋನಸ್ ಕೇಳಿದ ಕಾರ್ಮಿಕನಿಗೆ ಮಾಲೀಕರು ಹೇಳುತ್ತ ಬಂದದ್ದೂ ಇದೇ ಮಾತು. ನಾಗಲ್ ತನ್ನ ಉತ್ತರವನ್ನು ಕಣದಲ್ಲಿಯೂ ಕೊಟ್ಟ: 2025ರ ಸೆಪ್ಟೆಂಬರಿನಲ್ಲಿ ಸ್ವಿಜರ್ಲೆಂಡಿನ ನೆಲದಲ್ಲಿ ಭಾರತ 3-1ರಿಂದ ಗೆದ್ದಾಗ ಎರಡು ಸಿಂಗಲ್ಸ್ ಅವನವು.

ಇಂಥ ಜಗಳ ಹೊಸದೂ ಅಲ್ಲ. 1968ರವರೆಗೆ ವಿಂಬಲ್ಡನ್ನಿನಂಥ ಕಣಗಳಲ್ಲಿ ಹಣಕ್ಕಾಗಿ ಆಡುವವನಿಗೆ ಪ್ರವೇಶವೇ ಇರಲಿಲ್ಲ. ಹವ್ಯಾಸಿ ಎಂಬ ಸುಂದರ ಪದದ ಅರ್ಥ, ದುಡಿದು ತಿನ್ನುವವನು ಒಳಗೆ ಬರಕೂಡದು ಎಂದು. ಬಾಗಿಲು ತೆರೆದ ವರ್ಷ ವಿಂಬಲ್ಡನ್ ಗೆದ್ದ ರಾಡ್ ಲೇವರ್‌ಗೆ ಸಿಕ್ಕಿದ್ದು 2,000 ಪೌಂಡು. ಬಿಲ್ಲೀ ಜೀನ್ ಕಿಂಗ್ ಎಂಬ ಹೆಣ್ಣುಮಗಳಿಗೆ 750. 1973ರಲ್ಲಿ, ಡೇವಿಸ್ ಕಪ್ ಆಡಲಿಲ್ಲವೆಂಬ ಕಾರಣಕ್ಕೆ ನಿಕೋಲಾ ಪಿಲಿಚ್‌ನನ್ನು ಅವನ ದೇಶದ ಸಂಸ್ಥೆ ಹೊರಗಿಟ್ಟಿತು. ಅವನಿಗಾಗಿ 81 ಆಟಗಾರರು ವಿಂಬಲ್ಡನ್ನನ್ನೇ ಬಹಿಷ್ಕರಿಸಿದರು. ಹಿಂದಿನ ವರ್ಷದ ಚಾಂಪಿಯನ್ ಸ್ಟಾನ್ ಸ್ಮಿತ್ ಕೂಡ ಅವರಲ್ಲಿದ್ದ. ಬಿಳಿ ಬಟ್ಟೆ ತೊಟ್ಟವರೂ ಮುಷ್ಕರ ಹೂಡಬಲ್ಲರು!

ಒಗ್ಗಟ್ಟಿನ ಮಾತು ಆಮೇಲೂ ನಿಂತಿಲ್ಲ. 2020ರಲ್ಲಿ ನೊವಾಕ್ ಜೊಕೊವಿಚ್ ಮತ್ತು ವಾಸೆಕ್ ಪೋಸ್ಪಿಸಿಲ್ ಹೊಸ ಆಟಗಾರರ ಸಂಘ ಕಟ್ಟಿದರು. 2024ರಿಂದ ಪುರುಷರ ವೃತ್ತಿ ಟೆನ್ನಿಸಿನಲ್ಲಿ ಒಂದು ಬಗೆಯ ಕನಿಷ್ಠ ವೇತನವೇ ಜಾರಿಗೆ ಬಂತು: ಮೊದಲ ನೂರು ಮಂದಿಗೆ ವರ್ಷಕ್ಕೆ 3 ಲಕ್ಷ ಡಾಲರು, 101ರಿಂದ 175ರವರೆಗೆ ಒಂದೂವರೆ ಲಕ್ಷ, 176ರಿಂದ 250ರವರೆಗೆ 75 ಸಾವಿರ. ಗಳಿಕೆ ಇದಕ್ಕಿಂತ ಕಡಿಮೆಯಾದರೆ ಸಂಸ್ಥೆ ತುಂಬಿಕೊಡಬೇಕು. 159ನೆಯವನಿಗೆ ಇದು ಒಂದು ವರ್ಷ ಮೊದಲೇ ದಕ್ಕಿದ್ದರೆ ಆ 900 ಯೂರೋವಿನ ಕಥೆಯೇ ಹುಟ್ಟುತ್ತಿರಲಿಲ್ಲ. ಆದರೆ 251ನೆಯವನ ಗತಿ? ಕನಿಷ್ಠ ವೇತನ ಬೇಕಾದದ್ದು ಮೆಟ್ಟಿಲ ಬುಡದಲ್ಲಿ ನಿಂತವನಿಗಲ್ಲವೇ?

ನಾವು ಕೇಳುವುದು ಇಷ್ಟೇ. ಹತ್ತು ವರ್ಷದ ಮಗುವಿನಲ್ಲಿ ಆಟ ಕಂಡರೆ ಅದರ ಪ್ರಯಾಣದ ಖರ್ಚನ್ನು ಸಂಸ್ಥೆಗಳು ಆಗಲೇ ಹೊರಬೇಕು, ಪತ್ರಿಕೆಯಲ್ಲಿ ಗೋಳು ಅಚ್ಚಾದ ಮೇಲಲ್ಲ. ಗಾಯಗೊಂಡವನಿಗೆ ಪರಿಹಾರ ಬೇಕು. ಟೆನ್ನಿಸ್ ಅಂಗಳ ಕ್ಲಬ್ಬಿನ ಗೋಡೆಯೊಳಗೇ ಉಳಿಯದೆ ಜಿಲ್ಲಾ ಕೇಂದ್ರಗಳ ಸಾರ್ವಜನಿಕ ಮೈದಾನಕ್ಕೆ ಬರಬೇಕು. ಮಾಸ್ತರರ ಮಗನಿಗೆ, ಗಿರಣಿ ಕಾರ್ಮಿಕನ ಮಗಳಿಗೆ ಯಾರ ಕೃಪೆಯೂ ಬೇಡ. ಹಕ್ಕಿನ ಪಾಲು ಸಾಕು.