ಉಪಗ್ರಹ ಚಿತ್ರದ ಹಸಿರು ಮತ್ತು ಕಾಡಂಚಿನ ಬೇಸಾಯ

ಇಸ್ರೋ ಮತ್ತು ಅಮೆರಿಕದ ನಾಸಾ ಜಂಟಿಯಾಗಿ ರೂಪಿಸಿದ ನಿಸಾರ್ ಉಪಗ್ರಹವು 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಉಡಾವಣೆಗೊಂಡಿತು. ಇದರ ರೇಡಾರ್ ಮೋಡದ ಮರೆಯಲ್ಲಿಯೂ ನೆಲವನ್ನು ಗ್ರಹಿಸಬಲ್ಲದು ಹಾಗೂ 12 ದಿನಗಳಿಗೊಮ್ಮೆ ಅದೇ ಪಥಕ್ಕೆ ಮರಳುತ್ತದೆ. ಮುಂಗಾರಿನಲ್ಲಿ ಮೋಡ ಕವಿದಿರುವ ಪಶ್ಚಿಮ ಘಟ್ಟದ ಸಂರಕ್ಷಿತ ಅರಣ್ಯಗಳ ನಿಗಾವಣೆಗೆ ಇದು ಬಹು ಉಪಯುಕ್ತ. ಆದರೆ ಬಂಡೀಪುರ, ನಾಗರಹೊಳೆಗಳ ಅಂಚಿನಲ್ಲಿ ರಾಗಿ, ಮುಸುಕಿನ ಜೋಳ ಬೆಳೆಯುವ ರೈತರ ಪ್ರಶ್ನೆ ಬೇರೆಯೇ ಆಗಿದೆ: ಚಿತ್ರದಲ್ಲಿ ಹಸಿರು ಕುಗ್ಗಿಲ್ಲವೆಂದರೆ ಕಾಡು ಸುಸ್ಥಿತಿಯಲ್ಲಿದೆ ಎಂದು ಅರ್ಥವೇ?

ಕನಿಷ್ಠ 1 ಹೆಕ್ಟೇರ್ ವಿಸ್ತೀರ್ಣವಿದ್ದು, ಶೇ. 10 ಅಥವಾ ಅದಕ್ಕಿಂತ ಹೆಚ್ಚು ಭಾಗ ಮರಗಳ ನೆತ್ತಿಯಿಂದ ಮುಚ್ಚಿರುವ ಭೂಮಿಯನ್ನು ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯು 'ಅರಣ್ಯ ಹೊದಿಕೆ' ಎಂದು ಎಣಿಸುತ್ತದೆ. ಭೂಮಿ ಯಾರದು, ಮರ ಯಾವುದು ಎಂಬುದನ್ನು ಇಲ್ಲಿ ಪರಿಗಣಿಸುವುದಿಲ್ಲ. ಆದ್ದರಿಂದ ಕೊಡಗಿನ ಕಾಫಿ ತೋಟದ ನೆರಳು ಮರಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಈ ಎಣಿಕೆಯೊಂದರಿಂದಲೇ ತೋಟವು ಕಾನೂನಿನ ದೃಷ್ಟಿಯಲ್ಲಿ ಅರಣ್ಯವಾಗುವುದಿಲ್ಲ. ದಾಖಲಿತ ಅರಣ್ಯ ಪ್ರದೇಶವೇ ಬೇರೆ. ಈ ಬಗ್ಗೆ ಬೆಳೆಗಾರರು ಆತಂಕಪಡಬೇಕಾಗಿಲ್ಲ.

ಕಾಡಿನೊಳಗಿನ ಸಮಸ್ಯೆ ಇದಕ್ಕಿಂತ ಸೂಕ್ಷ್ಮವಾದುದು. ಬಂಡೀಪುರದಲ್ಲಿ ಮರಗಳ ಕೆಳಗೆ ಲಂಟಾನ ವ್ಯಾಪಕವಾಗಿ ಹಬ್ಬಿದೆ. ಅದು ದಟ್ಟವಾದಲ್ಲಿ ಹುಲ್ಲು ಕ್ಷೀಣಿಸಿ, ಆನೆ, ಜಿಂಕೆಗಳ ಮೇವು ಕಡಿಮೆಯಾಗುತ್ತದೆ. ಮೇಲಿನಿಂದ ನೋಡಿದಾಗ ಮಾತ್ರ ಮರದ ನೆತ್ತಿ ಮೊದಲಿನಂತೆಯೇ ಹಸಿರಾಗಿರುತ್ತದೆ. ಆನೆಗಳು ಹೊಲಕ್ಕೆ ಬರಲು ನೀರಿನ ಅಭಾವ, ಸಂಚಾರ ಪಥದ ಅಡೆತಡೆ, ಬೆಳೆಯ ರುಚಿ ಮುಂತಾದ ಕಾರಣಗಳೂ ಇವೆ. ಆದರೆ ಮೇವಿನ ಕೊರತೆಯು ಹೊದಿಕೆಯ ಅಂಕಿಯಲ್ಲಿ ಕಾಣುವುದೇ ಇಲ್ಲ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಕಾಳ್ಗಿಚ್ಚು ಹರಡಿದಾಗ ಸುಟ್ಟ ಪ್ರದೇಶವನ್ನು ಉಪಗ್ರಹ ಚಿತ್ರಗಳು ತೋರಿಸಿದವು. ಮಳೆಯ ನಂತರ ಚಿಗುರಿದ್ದು ಹುಲ್ಲೇ, ಲಂಟಾನವೇ ಎಂಬುದನ್ನು ಖಚಿತಪಡಿಸಿಕೊಳ್ಳಲು ಸ್ಥಳ ಪರಿಶೀಲನೆಯೇ ಬೇಕು.

ಋತುಮಾನವೂ ಗಮನಾರ್ಹ. ಎಲೆ ಉದುರುವ ಕಾಡಿನ ನವೆಂಬರ್ ಚಿತ್ರವನ್ನು ಮಾರ್ಚ್ ಚಿತ್ರದೊಡನೆ ಹೋಲಿಸಿದರೆ ಸಹಜ ಎಲೆ ಉದುರುವಿಕೆಯೇ ಅರಣ್ಯನಾಶದಂತೆ ತೋರುತ್ತದೆ. ಹೋಲಿಕೆ ಯಾವಾಗಲೂ ಒಂದೇ ಋತುವಿನ ಚಿತ್ರಗಳ ನಡುವೆ ಇರತಕ್ಕದ್ದು.

ಆದ್ದರಿಂದ ವಿಸ್ತರಣಾ ಕಾರ್ಯಕರ್ತರು ಪ್ರತಿ ವರ್ಷ ಒಂದೇ ಋತುವಿನಲ್ಲಿ, ಅರಣ್ಯ ಸಿಬ್ಬಂದಿಯ ಜೊತೆಗೂಡಿ, ಕಾಡಂಚಿನ ನಿಗದಿತ ಸ್ಥಳಗಳಲ್ಲಿ ಹುಲ್ಲು ಮತ್ತು ಲಂಟಾನದ ಪ್ರಮಾಣವನ್ನು ದಾಖಲಿಸುವುದು ಸೂಕ್ತ. ಬೆಳೆಹಾನಿಯಾದಾಗ ರೈತರು ದಿನಾಂಕ, ಸರ್ವೆ ನಂಬರ್, ಬೆಳೆಯ ಹಂತ ಹಾಗೂ ದಾಳಿ ಮಾಡಿದ ಪ್ರಾಣಿಯ ವಿವರವನ್ನು ಛಾಯಾಚಿತ್ರ ಸಹಿತ ಬರೆದಿಟ್ಟುಕೊಳ್ಳಬೇಕು. ಬದುಗಳಲ್ಲಿರುವ ಲಂಟಾನವನ್ನು ಹಣ್ಣಾಗುವ ಮೊದಲೇ ಬೇರುಸಹಿತ ಕಿತ್ತು, ಬುಡ ಮೇಲಾಗಿ ಒಣಗಿಸಬೇಕು. ನೆಲಮಟ್ಟಕ್ಕೆ ಸವರಿದರೆ ಮತ್ತೆ ಚಿಗುರುತ್ತದೆ.

ಎಲ್ಲಿ ಬದಲಾವಣೆಯಾಗಿದೆ ಎಂಬುದನ್ನು ಉಪಗ್ರಹ ಬೇಗ ತಿಳಿಸುತ್ತದೆ. ಆ ಬದಲಾವಣೆ ಏನು, ಏಕೆ ಎಂಬುದಕ್ಕೆ ನೆಲದ ದಾಖಲೆಯೇ ಉತ್ತರ. ಇವೆರಡನ್ನೂ ಒಟ್ಟಿಗಿಟ್ಟು ನೋಡಿದಾಗ ಮಾತ್ರ ಕಾಡಂಚಿನ ಬೇಸಾಯಕ್ಕೆ ಸರಿಯಾದ ಯೋಜನೆ ರೂಪಿಸಲು ಸಾಧ್ಯ.