ಮೂಕಪ್ರಾಣಿಯ ದೂರು

ಇತಿಹಾಸದ ತರಗತಿಯಲ್ಲಿ ಆತಕೂರಿನ ಶಾಸನದ ಪಾಠ ನಡೆದ ದಿನ ನಮ್ಮ ಸಹಪಾಠಿಗಳಿಗೆ ನೆನಪಿರಬಹುದು. ಕ್ರಿ. ಶ. 949ರ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಗಂಗರ ಬೂತುಗನು ಬೇಕಾದುದನ್ನು ಕೇಳೆಂದಾಗ, ಆ ವೀರನು ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು! ಕಾಳಿ ಕಾಡುಹಂದಿಯೊಡನೆ ಹೋರಾಡಿ ಮಡಿದಾಗ ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿ ಬಿಟ್ಟನು. ಆ ಕಲ್ಲು ಇಂದಿಗೂ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅಂದು ಎಲ್ಲರೂ ತಲೆದೂಗಿದರು; ನಾನು ಮಾತ್ರ ತಲೆ ತಗ್ಗಿಸಿದೆ. ಅದರ ಕಾರಣವನ್ನು ಹೇಳಿಕೊಳ್ಳುವುದೇ ಈ ಲೇಖನದ ಉದ್ದೇಶ.

ನಮ್ಮ ಮನೆಯಲ್ಲಿ ಕೆಂಪಿಯೆಂಬ ನಾಟಿ ನಾಯಿಯಿದೆ. 2024ರ ಬೇಸಿಗೆಯಲ್ಲಿ ಅದು ಹೊಸ್ತಿಲ ಬಳಿಯಲ್ಲೇ ಮೂತ್ರ ಮಾಡತೊಡಗಿತು. ಅಜ್ಜಿ ಸಿಡಿಮಿಡಿಗೊಂಡರು. ಇದು ನಾಯಿಯ ಕೊಬ್ಬೆಂದು ತಿಳಿದು ನಾನು ಕೋಲಿನಿಂದ ಎರಡೇಟು ಹಾಕಿದೆ. ಮರುದಿನ ಅದು ನಾಲ್ಕು ಹೆಜ್ಜೆಗೊಮ್ಮೆ ಕುಳಿತು, ಮುಕ್ಕಿರಿದು, ಎರಡೆರಡೇ ಹನಿ ಬಿಡುತ್ತಿತ್ತು. ಹನಿಯಲ್ಲಿ ಕೆಂಪು. ನೋಡಿದವರು ಅಪ್ಪ. "ಅದು ಕೊಬ್ಬಲ್ಲ ಕಣೋ, ಉರಿಮೂತ್ರ. ನೋವಿಗೆ ಹಂಗೆ ಮಾಡ್ತದೆ" ಎಂದರು. ಸಹಿ ಹಾಕಲು ಬಾರದ ಅಪ್ಪನಿಗೆ ತಿಳಿದದ್ದು, ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ನನಗೆ ತಿಳಿದಿರಲಿಲ್ಲ.

ಪಶುವೈದ್ಯರು ಏಳು ದಿನದ ಮಾತ್ರೆ ಬರೆದುಕೊಟ್ಟರು. ಮೂರನೆಯ ದಿನಕ್ಕೇ ಕೆಂಪಿ ಗೆಲುವಾಗಿ ಓಡಾಡಿತು. ಇನ್ನೇಕೆ ಮಾತ್ರೆ ಎಂದು ಉಳಿದವನ್ನು ಗೂಡಿನಲ್ಲಿ ಎತ್ತಿಟ್ಟೆ. ಮಳೆಗಾಲದಲ್ಲಿ ಉರಿಮೂತ್ರ ಮರಳಿತು. ವೈದ್ಯರನ್ನು ಕೇಳದೆ ಎತ್ತಿಟ್ಟ ಮಾತ್ರೆಗಳನ್ನೇ ನುಂಗಿಸಿದೆ. ದೀಪಾವಳಿಯ ಹೊತ್ತಿಗೆ ಮೂರನೆಯ ಸಲ! ಹಬ್ಬಕ್ಕೆ ಬಂದ ನೆಂಟರು, ದೂರದ ಸಂತೆಗೆ ಒಯ್ದು ಬಿಟ್ಟುಬರುವಂತೆ ಹಿತವಚನ ಹೇಳಿದರು. ಅಪ್ಪ ಒಪ್ಪಲಿಲ್ಲ. ನನ್ನ ಕಡೆ ತಿರುಗಿ, "ನೀನು ಓದಿದೋನು. ಇದು ಮತ್ತೆ ಮತ್ತೆ ಯಾಕೆ ಬರ್ತದೆ ಅಂತ ಕೇಳ್ಕೊಂಡು ಬಾ" ಎಂದರು.

ಆ 'ಯಾಕೆ' ಎಂಬ ಪ್ರಶ್ನೆಯನ್ನು ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ.

ಜಿಲ್ಲಾ ಕೇಂದ್ರದ ಪಶು ಆಸ್ಪತ್ರೆಯಲ್ಲಿ ವೈದ್ಯರು ಸಣ್ಣ ಸೂಜಿಯಿಂದ ಮೂತ್ರಕೋಶದ ಮೂತ್ರವನ್ನೇ ತೆಗೆದು ಪರೀಕ್ಷೆಗೆ ಕಳುಹಿಸಿದರು. ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಿದರೆ ಯಾವ ರೋಗಾಣು, ಅದು ಯಾವ ಔಷಧಿಗೆ ಬಗ್ಗುತ್ತದೆ ಎಂಬುದು ತಿಳಿಯುತ್ತದೆ. ಎಕ್ಸ್‌ರೇಯಲ್ಲಿ ಮೂತ್ರಕೋಶದೊಳಗೆ ಕಲ್ಲು ಕಾಣಿಸಿತು. ಕಾಳಿಗೆ ಸತ್ತ ಮೇಲೆ ಕಲ್ಲು ದೊರೆತರೆ, ನಮ್ಮ ಕೆಂಪಿಗೆ ಬದುಕಿರುವಾಗಲೇ ದೊರೆತಿತ್ತು!

ವೈದ್ಯರು ವಿವರಿಸಿದ ಸಂಗತಿ ಇದು. ಹೆಣ್ಣುನಾಯಿಯ ಮೂತ್ರನಾಳ ಗಿಡ್ಡ ಮತ್ತು ಅಗಲ. ರೋಗಾಣುಗಳು ಸುಲಭವಾಗಿ ಒಳಸೇರುತ್ತವೆ. ಕೆಲವು ರೋಗಾಣುಗಳು ಮೂತ್ರದ ಯೂರಿಯಾವನ್ನು ಒಡೆದು ಅದನ್ನು ಕ್ಷಾರೀಯವಾಗಿಸುತ್ತವೆ. ಆಗ ಲವಣಗಳು ಗಟ್ಟಿಯಾಗಿ ಕಲ್ಲಾಗುತ್ತವೆ. ಕಲ್ಲಿನೊಳಗೆ ಅಡಗಿದ ರೋಗಾಣುವಿಗೆ ಔಷಧಿ ಸರಿಯಾಗಿ ಮುಟ್ಟುವುದಿಲ್ಲ. ಅಂದರೆ ರೋಗ ಮರಳಿ ಬರುತ್ತಿರಲಿಲ್ಲ. ಅದು ಹೋಗಿಯೇ ಇರಲಿಲ್ಲ. ಬೇರೆ ನಾಯಿಗಳಲ್ಲಿ ಹಿಂದೆ ಸಿಹಿಮೂತ್ರರೋಗವೋ ಇನ್ನಾವುದೋ ಕಾರಣ ಅಡಗಿರಬಹುದು. ಆರು ತಿಂಗಳಲ್ಲಿ ಎರಡು ಸಲ, ಅಥವಾ ವರ್ಷದಲ್ಲಿ ಮೂರು ಸಲ ಈ ಸೋಂಕು ಬಂದರೆ ಕಾರಣವನ್ನು ಹುಡುಕಲೇಬೇಕು. ಮುಕ್ಕಿರಿದರೂ ಹನಿ ಮೂತ್ರವೂ ಬಾರದಿದ್ದರೆ, ಮುಖ್ಯವಾಗಿ ಗಂಡುನಾಯಿಯಲ್ಲಿ, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ತಡಮಾಡಿದರೆ ಜೀವಕ್ಕೇ ಅಪಾಯ.

ಶಸ್ತ್ರಚಿಕಿತ್ಸೆಗೆ ನನ್ನ ವಿದ್ಯಾರ್ಥಿವೇತನದ ಹಣವನ್ನು ಕೊಟ್ಟೆ. ಹಾಸ್ಟೆಲಿನ ಗೆಳೆಯರು ಆಕ್ಷೇಪಿಸಿದರು: "ಮನುಷ್ಯರಿಗೇ ಔಷಧಿಗೆ ಗತಿಯಿಲ್ಲದಿರುವಾಗ ನಾಯಿಗೆ ಇಷ್ಟು ಖರ್ಚೇ?" ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲು ನಾನು ಸಿರಿವಂತರ ಮಗನಲ್ಲ. ಆದರೆ ಮೊದಲ ಸಲವೇ ಮಾತ್ರೆಗಳನ್ನು ಪೂರ್ತಿ ಕೊಟ್ಟು, ಎರಡನೆಯ ಸಲವೇ ಪರೀಕ್ಷೆ ಮಾಡಿಸಿದ್ದರೆ ನಾಯಿಯ ನೋವೂ ನಮ್ಮ ಖರ್ಚೂ ಕಡಿಮೆಯಾಗುತ್ತಿದ್ದವು. ಮೇಲಾಗಿ, ಔಷಧಿಗೆ ಬಗ್ಗದ ರೋಗಾಣು ನಾಯಿಯೆಂದೂ ಮನುಷ್ಯನೆಂದೂ ಭೇದವೆಣಿಸುವುದಿಲ್ಲ. 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗರು 1945ರ ನೊಬೆಲ್ ಭಾಷಣದಲ್ಲೇ, ಸಾಲದಷ್ಟು ಔಷಧಿ ಕೊಟ್ಟರೆ ರೋಗಾಣುಗಳು ಅದನ್ನು ಎದುರಿಸಲು ಕಲಿಯುತ್ತವೆಂದು ಎಚ್ಚರಿಸಿದ್ದರು. ನನ್ನ ಗೂಡಿನ ಮಾತ್ರೆಗಳು ಆ ತಪ್ಪಿನ ಒಂದು ಚಿಕ್ಕ ಮಾದರಿ.

ಆದುದರಿಂದ ನಾಯಿ ಸಾಕಿರುವ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ. ಅಭ್ಯಾಸವಾದ ನಾಯಿ ಮನೆಯೊಳಗೆ ಮೂತ್ರ ಮಾಡಿದರೆ ಕೋಲು ಹುಡುಕಬೇಡಿ, ಕಾರಣ ಹುಡುಕಿರಿ. ದಿನವಿಡೀ ಕಟ್ಟಿಹಾಕಿ ಮೂತ್ರ ತಡೆಯುವಂತೆ ಮಾಡಬೇಡಿ. ಸದಾ ಶುದ್ಧವಾದ ನೀರಿಡಿ. ಹಳೆಯ ಮಾತ್ರೆಯನ್ನಾಗಲಿ ಮನುಷ್ಯರ ನೋವಿನ ಮಾತ್ರೆಯನ್ನಾಗಲಿ ಕೊಡಬೇಡಿ. ಎರಡನೆಯದು ನಾಯಿಗೆ ವಿಷವಾಗಬಲ್ಲದು. ವೈದ್ಯರು ಹೇಳಿದಷ್ಟು ದಿನ ಔಷಧಿ ಕೊಡಿ. ಮಾತುಬಾರದ ಪ್ರಾಣಿ ತನ್ನ ದೂರನ್ನು ನೆಲದ ಮೇಲೆ ಬರೆಯುತ್ತದೆ. ಅದನ್ನು ಓದಲು ಪದವಿಯೇನೂ ಬೇಕಿಲ್ಲ. ಅಪ್ಪನಂತೆ ಬಗ್ಗಿ ನೋಡಿದರೆ ಸಾಕು.

ಕೆಂಪಿ ಈಗ ಚೆನ್ನಾಗಿದೆ. ರಜೆಯಲ್ಲಿ ಊರಿಗೆ ಹೋದಾಗ, ನಡುರಾತ್ರಿ ಅದು ಬಾಗಿಲು ಕೆರೆದರೆ ಎದ್ದು ತೆರೆಯುವ ಕೆಲಸ ನನ್ನದು. ಹೇಗೂ ಎದ್ದದ್ದಾಯಿತೆಂದು ಪರೀಕ್ಷೆಗೆ ಎರಡು ಪುಟ ಓದುತ್ತೇನೆ.