ಡಬ್ಬಿಯ ತೂಕ ಕಳೆದಿರಾ?

ಮಕ್ಕಳೇ, ಈ ವಾರ ಒಂದು ಲೆಕ್ಕ. ಗೋಕಾಕದ ಕರದಂಟನ್ನು ಡಬ್ಬಿ ಸಮೇತ ತೂಗಿದರು ಎನ್ನೋಣ. ಡಬ್ಬಿಯ ತೂಕ 60 ಗ್ರಾಂ. ಕರದಂಟು ಒಂದು ಕಿಲೊ ಇದ್ದರೆ ತಕ್ಕಡಿ 1060 ತೋರಿಸುತ್ತದೆ. ಅಷ್ಟಕ್ಕೆ ಯಾರೂ ಜಗಳ ತೆಗೆಯುವುದಿಲ್ಲ. ಅದೇ ಡಬ್ಬಿಯಲ್ಲಿ 20 ಗ್ರಾಂನ ಒಂದೇ ತುಂಡು ಇದ್ದರೆ? ತಕ್ಕಡಿ 80 ಎನ್ನುತ್ತದೆ. ನಿಜದ ನಾಲ್ಕು ಪಟ್ಟು!

ಇಲಿಗಳ ಕಿಡ್ನಿ ಪರೀಕ್ಷಿಸುವ ಪ್ರಯೋಗಾಲಯಗಳಿಗೂ ಇದೇ ಪೇಚು. ಸ್ನಾಯುಗಳಲ್ಲಿ ದಿನವೂ ಕ್ರಿಯಾಟಿನಿನ್ ಎಂಬ ಕಸ ಹುಟ್ಟುತ್ತದೆ. ಕಿಡ್ನಿ ಅದನ್ನು ಸೋಸಿ ಹೊರಹಾಕುತ್ತದೆ. ಕಿಡ್ನಿ ಸೋತರೆ ರಕ್ತದಲ್ಲಿ ಅದು ಏರುತ್ತದೆ. 1886ರಲ್ಲಿ ಜರ್ಮನಿಯ ಮ್ಯಾಕ್ಸ್ ಯಾಫೆ, ಕ್ಷಾರ ಬೆರೆಸಿದ ಪಿಕ್ರಿಕ್ ಆಮ್ಲದೊಡನೆ ಕ್ರಿಯಾಟಿನಿನ್ ಕಿತ್ತಳೆ-ಕೆಂಪು ಬಣ್ಣ ಕೊಡುವುದನ್ನು ಕಂಡರು. ಬಣ್ಣ ಗಾಢವಾದಷ್ಟೂ ಅಂಕಿ ಹೆಚ್ಚು. ಅಗ್ಗದ ವಿಧಾನ, ಇಂದಿಗೂ ಬಳಕೆಯಲ್ಲಿದೆ. ಆದರೆ ರಕ್ತದಲ್ಲಿರುವ ಪ್ರೋಟೀನ್, ಸಕ್ಕರೆಯಂಥವೂ ಅಷ್ಟಿಷ್ಟು ಬಣ್ಣ ಕೊಡುತ್ತವೆ. ಅದೇ ಡಬ್ಬಿಯ ತೂಕ.

ಮನುಷ್ಯರ ರಕ್ತದಲ್ಲಿ ಕ್ರಿಯಾಟಿನಿನ್ ಡೆಸಿಲೀಟರಿಗೆ ಸುಮಾರು 1 ಮಿಲಿಗ್ರಾಂ. ಪ್ರಯೋಗದ ಸಣ್ಣ ಇಲಿಯಲ್ಲಿ ಸುಮಾರು 0.1 ಮಾತ್ರ. ಯಾಫೆ ವಿಧಾನ ಅದನ್ನು 0.4 ಎಂದು ತೋರಿಸಿತೆನ್ನಿ. ಹೊಸ ಔಷಧವೊಂದು ಇಲಿಯ ಕಿಡ್ನಿ ಕೆಡಿಸಿ, 0.1 ಇದ್ದದ್ದು 0.2 ಆದರೆ ಅದು ದುಪ್ಪಟ್ಟು. ಯಾಫೆಯಲ್ಲಿ ಮಾತ್ರ 0.4 ಹೋಗಿ 0.5. 'ಸ್ವಲ್ಪ ಏರಿದೆ' ಎಂದು ಔಷಧವನ್ನು ಮುಂದೆ ಬಿಟ್ಟರೆ, ಮುಂದಿನ ಸರದಿ ಮನುಷ್ಯರದು.

ಆದ್ದರಿಂದ ಇಲಿಗಳಿಗೆ ಎಚ್‌ಪಿಎಲ್‌ಸಿ ಎಂಬ ಯಂತ್ರ ಹೆಚ್ಚು ನಂಬಿಕೆಯದು. ನಾವು ಕ್ಯಾಷ್ ಕೌಂಟರಿನಲ್ಲಿ ನೋಟುಗಳನ್ನು ಬೇರೆ ಬೇರೆ ಮಾಡಿ ಎಣಿಸುತ್ತಿದ್ದಂತೆ, ಅದು ರಕ್ತದ ಅಂಶಗಳನ್ನು ಬೇರ್ಪಡಿಸಿ ಕ್ರಿಯಾಟಿನಿನ್ ಒಂದನ್ನೇ ಅಳೆಯುತ್ತದೆ. ಕಿಣ್ವ ಬಳಸುವ ವಿಧಾನವೂ ಯಾಫೆಗಿಂತ ಮೇಲು. ಸಣ್ಣ ಇಲಿಯ ಮೈಯಲ್ಲಿರುವುದೇ ಸುಮಾರು ಎರಡು ಮಿಲಿಲೀಟರ್ ರಕ್ತ. ಅಳತೆ ತಪ್ಪಿದರೆ ಆ ಜೀವ ಕೊಟ್ಟದ್ದೂ ವ್ಯರ್ಥ.

ಅಜ್ಜ-ಅಜ್ಜಿಯರೇ, ನಮಗೂ ಇದರಲ್ಲಿ ಪಾಠವಿದೆ. ಮೂಡಲಗಿಯ ನನ್ನ ಗೆಳೆಯರೊಬ್ಬರಿಗೆ ಊರಿನಲ್ಲಿ 1.1 ಬಂದಿತ್ತು. ಮಗಳ ಊರು ಹುಕ್ಕೇರಿಗೆ ಹೋದಾಗ 1.3. "ವಾರದಾಗ ಕಿಡ್ನಿ ಹೋತಲ್ರಿ!" ಎಂದು ರಾತ್ರಿಯೆಲ್ಲ ನಿದ್ದೆಗೆಟ್ಟರು. ಎರಡೂ ವರದಿ ನೋಡಿದ ಡಾಕ್ಟರು, ವಿಧಾನ ಬೇರೆ ಬೇರೆ ಇದೆ, ಒಂದೇ ಕಡೆ ಮತ್ತೆ ಪರೀಕ್ಷೆ ಮಾಡಿಸಿ ಎಂದರು. ಅಂಕಿ ಏರಿದರೆ ಅಲಕ್ಷ್ಯ ಬೇಡ, ಗಾಬರಿಯೂ ಬೇಡ. ಪ್ರತಿ ಸಲ ಒಂದೇ ಲ್ಯಾಬು, ಒಂದೇ ವಿಧಾನ ಇರಲಿ; ಹಳೆಯ ವರದಿ ಜೊತೆಗಿರಲಿ.

ಮಕ್ಕಳೇ, ಇಂದೇ ಅಜ್ಜನ ವರದಿ ತೆಗೆಯಿರಿ. ಕ್ರಿಯಾಟಿನಿನ್ ಸಾಲಿನಲ್ಲಿ ವಿಧಾನದ ಹೆಸರೂ ಇದೆಯೇ ಎಂದು ಅವರಿಗೆ ಓದಿ ಹೇಳಿ.